ಸಹಾಯ ಬೇಕು: ಏನೂ ಅನಿಸುತ್ತಿಲ್ಲ, ಇದರಿಂದ ಹೊರಬಂದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಸುಮಾರು ಏಳು ತಿಂಗಳಿಂದ ನನಗೆ ಏನೂ ಅನಿಸುತ್ತಿಲ್ಲ. ದುಃಖ ಅಂತಲ್ಲ, ದುಃಖವಾಗಿದ್ದರೆ ಅತ್ತಾದರೂ ಹಗುರಾಗುತ್ತಿದ್ದೆ. ಅಕ್ಕನಿಗೆ ಮಗು ಹುಟ್ಟಿತು, ಎತ್ತಿಕೊಂಡೆ, ಎಲ್ಲರ ಜೊತೆ ನಕ್ಕೆ, ಆದರೆ ಒಳಗೆ ಒಂದಿಷ್ಟೂ ಅಲುಗಾಡಲಿಲ್ಲ. ಹಾಡು ಕೇಳಿದರೆ ಬರೀ ಸದ್ದು. ಕೆಲಸಕ್ಕೆ ಹೋಗುತ್ತೇನೆ, ಬರುತ್ತೇನೆ, ಇದೆಲ್ಲ ಯಾಕೆ ಅಂತ ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ.

ಡಾಕ್ಟರಿಗೆ ತೋರಿಸಿದ್ದೇನೆ. ಥೈರಾಯ್ಡ್, ಬಿ12 ಎರಡೂ ಸರಿ ಇವೆ. ಖಿನ್ನತೆ ಅಂದರು. ಅಳು ಬರಲೇಬೇಕು ಅಂತೇನಿಲ್ಲ, ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದೂ ಅದರ ಮುಖ್ಯ ಲಕ್ಷಣವಂತೆ, ಅನ್‌ಹೆಡೋನಿಯಾ ಅನ್ನುತ್ತಾರೆ. ಹೆಸರು ಸಿಕ್ಕಿದ್ದೇ ಸ್ವಲ್ಪ ಸಮಾಧಾನ. ಖಿನ್ನತೆಗೆ ಕೊಟ್ಟ ಎಸ್‌ಎಸ್‌ಆರ್‌ಐ ಮಾತ್ರೆಯಿಂದ ನಿದ್ದೆ ಸುಧಾರಿಸಿತು, ಮರಗಟ್ಟಿದ ಮನಸ್ಸು ಮಾತ್ರ ಹಾಗೇ ಇದೆ. ಕೆಲವರಿಗೆ ಈ ಮಾತ್ರೆಗಳೇ ಭಾವನೆಗಳನ್ನು ಮಂದ ಮಾಡುತ್ತವೆ ಅಂತ ಗೊತ್ತು, ಆದರೆ ಸುಮ್ನೆ ನಾನಾಗಿ ನಿಲ್ಲಿಸುವುದಿಲ್ಲ, ಮುಂದಿನ ಸಲ ಡಾಕ್ಟರನ್ನೇ ಕೇಳುತ್ತೇನೆ.

ಮನಸ್ಸು ಬರಲಿ ಅಂತ ಕಾಯಬೇಡಿ, ಮೊದಲು ಮಾಡಿ, ಮನಸ್ಸು ಆಮೇಲೆ ಬರುತ್ತದೆ ಅಂತ ಕೌನ್ಸೆಲರ್ ಹೇಳಿದ್ದಾರೆ. ಅದಕ್ಕೇ ದಿನಾ 20 ನಿಮಿಷ ನಡೆಯುತ್ತೇನೆ. ಸಾಯುವ ಯೋಚನೆ ಇಲ್ಲ, ಬಂದರೆ ಯಾವ ಹೊತ್ತಾದರೂ ಅಣ್ಣನಿಗೆ ಫೋನ್ ಮಾಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.

ಇದನ್ನು ದಾಟಿದವರು ದಯವಿಟ್ಟು ಹೇಳಿ, ನಿಮಗೆ ಮೊದಲು ವಾಪಸ್ ಬಂದದ್ದು ಯಾವ ಭಾವನೆ? ಎಷ್ಟು ಸಮಯ ಹಿಡಿಯಿತು? ಇನ್ನೊಂದು, ಅಮ್ಮ ದಿನಾ "ಯಾಕೋ ಹೀಗಿದ್ದೀಯ" ಅಂತ ಕೇಳುತ್ತಾರೆ. ಅವರಿಗೆ ನೋವಾಗದ ಹಾಗೆ ಇದನ್ನು ಹೇಗೆ ಹೇಳಲಿ?