ತುರ್ತು: 'ಪ್ರತಿಜೀವಕ ನಿರೋಧಕತೆ'ಗೆ ಗೋಡೆ ಮೇಲೆ ಬರೆಯುವಂಥ ಕನ್ನಡ ಬೇಕು

ಚಿಂತಾಮಣಿಯಿಂದ

ಎಲ್ಲರಿಗೂ ನಮಸ್ಕಾರ. ಅವಸರದಲ್ಲಿ ಬರೀತಿದ್ದೀನಿ, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ. ನಮ್ಮ ಹೋಬಳಿಯ ಆರೋಗ್ಯ ಕೇಂದ್ರದ ಕಾಂಪೌಂಡಿಗೆ ಸುಣ್ಣ ಹೊಡೆದಾಗಿದೆ, ಪೇಂಟರ್ ನಾಳೆ ಬೆಳಿಗ್ಗೆ ಎಂಟಕ್ಕೆ ಬರ್ತಾರೆ. ನವೆಂಬರ್ 18ರಿಂದ 24ರವರೆಗೆ ಪ್ರತಿವರ್ಷ ಆಂಟಿಮೈಕ್ರೋಬಿಯಲ್ ರೆಸಿಸ್ಟೆನ್ಸ್ (ಆಂಟಿಬಯಾಟಿಕ್ಕಿನಂಥ ಔಷಧಿಗೆ ರೋಗಾಣು ಬಗ್ಗದೇ ಹೋಗೋದು) ಜಾಗೃತಿ ಸಪ್ತಾಹ ಇರುತ್ತಲ್ಲ, ಅದಕ್ಕೆ ಎರಡು ಸಾಲು ಬೇಕು. ನನ್ನ ಕೈಗೆ ಬಂದಿರುವ ಮಾದರಿ: "ಪ್ರತಿಜೀವಕ ನಿರೋಧಕತೆಯನ್ನು ತಡೆಗಟ್ಟೋಣ." ಪ್ರತಿಜೀವಕ ಅಂದರೆ ಆಂಟಿಬಯಾಟಿಕ್ಕು.

ರಾತ್ರಿ ಊಟದ ಹೊತ್ತಲ್ಲಿ ಇದನ್ನ ನಮ್ಮತ್ತೆಗೆ ಓದಿ ಹೇಳಿದೆ. ಮುದ್ದೆ ಮುರೀತಿದ್ದವರು ಕೈ ನಿಲ್ಲಿಸಿ, "ನಿರೋಧಕ ಶಕ್ತಿ ಬಂದ್ರೆ ಒಳ್ಳೇದೇ ಅಲ್ವೇನಮ್ಮ, ಅದನ್ಯಾಕೆ ತಡೀತೀರಿ?" ಅಂದರು. ಅವರ ತಪ್ಪೇನೂ ಇಲ್ಲ. ಕೊರೊನಾ ಕಾಲದಲ್ಲಿ ರೋಗನಿರೋಧಕ ಶಕ್ತಿ ಬರಲಿ ಅಂತ ಅವರಿಗೆ ದಿನಾ ಕಷಾಯ ಕುಡಿಸಿದವಳು ನಾನೇ. ಈಗ ಅದೇ ಪದ ಹಿಡಿದು ಅಪಾಯ ಅಂತಿದ್ದೀನಿ. ಶಕ್ತಿ ಬರೋದು ನಮಗಲ್ಲ, ರೋಗಾಣುವಿಗೆ ಅನ್ನೋದು ಆ ಪದದಲ್ಲಿ ಎಲ್ಲೂ ಇಲ್ಲ. ಇವತ್ತು ರಾತ್ರಿಯೊಳಗೆ ಏನಾದರೂ ಹೇಳಿ.

ತುಮಕೂರಿನಿಂದ

ಪದ ಸರಿಯಿದೆ. ಷಷ್ಠೀ ತತ್ಪುರುಷ. ರೋಗವನ್ನು ನಿರೋಧಿಸುವುದು ರೋಗನಿರೋಧಕ, ಪ್ರತಿಜೀವಕವನ್ನು ನಿರೋಧಿಸುವುದು ಪ್ರತಿಜೀವಕನಿರೋಧಕ. ಬಿಡಿಸಿ ಬರೆದದ್ದೇ ತಪ್ಪು. ಕೂಡಿಸಿ ಬರೆಯಮ್ಮ, ಗೊಂದಲ ಇರುವುದಿಲ್ಲ.

ಮಾಲೂರಿನಿಂದ

ಮೇಷ್ಟ್ರೇ, ಅವರತ್ತೆಗೆ ಆಗಿರೋ ಗೊಂದಲ ಸಮಾಸದ್ದಲ್ಲ.

ಇನ್ನೊಂದು ಮಾತು. ಆರೋಗ್ಯ ಕೇಂದ್ರದ ಗೋಡೆ ಮೇಲೆ 'ನಿರೋಧ' ಅಂತ ದಪ್ಪಕ್ಷರದಲ್ಲಿ ಬರೆಯೋ ಮುಂಚೆ ನನ್ನ ವಯಸ್ಸಿನವರನ್ನ ಒಂದ್ಸಲ ಕೇಳಿ. 1968ರಿಂದ ಸರ್ಕಾರ ಆ ಹೆಸರಲ್ಲಿ ಕಾಂಡೋಮ್ ಹಂಚಿದೆ. ನಮಗೆ ಆ ಮೂರಕ್ಷರ ಕಂಡರೆ ಪಕ್ಕದಲ್ಲಿ ಕುಟುಂಬ ಯೋಜನೆಯ ತಲೆಕೆಳಗಾದ ಕೆಂಪು ತ್ರಿಕೋನ ತಾನಾಗೇ ಮೂಡುತ್ತೆ. 'ಪ್ರತಿರೋಧ'ವೂ ಬೇಡ. ಅದು ನೀರಾವರಿ ಹೋರಾಟದ ಪೆಂಡಾಲಿನ ಮಾತು.

ಗವ್ರಿಬಿದನೂರಿನಿಂದ

ತೊಂದರೆಯ ಬೇರು ಸಂಸ್ಕ್ರುತದಲ್ಲಿದೆ. 'ಆಂಟಿ'ಗೆ 'ಪ್ರತಿ', 'ಬಯೊ'ಗೆ 'ಜೀವ' ಅಂತ ತೇಪೆ ಹಾಕಿ ಹೊಲಿದ ಪದವದು. ಕನ್ನಡಿಗನ ಕಿವಿಗೆ 'ಪ್ರತಿ' ಅಂದರೆ ಒಂದೊಂದೂ ಅಂತ ಅರ್ತ. 'ಮದ್ದುತಡೆ' ಅನ್ನಿ. ಸೂಕ್ಶ್ಮಾಣುವಿಗೆ 'ಕಿರುಹುಳ' ಸಾಕು. "ಕಿರುಹುಳದ ಮದ್ದುತಡೆ." ಮಹಾಪ್ರಾಣ ಒಂದೂ ಇಲ್ಲ, ಪೇಂಟರಿಗೆ ಬಣ್ಣವೂ ಉಳಿಯುತ್ತೆ.

ಮುಳಬಾಗಿಲಿನಿಂದ

ಸ್ವಾಮಿ, ನಮ್ಮ ಕಡೆ 'ಮದ್ದು ಹಾಕಿದ್ದಾರೆ' ಅಂದರೆ ಅನ್ನದಲ್ಲಿ ಏನೋ ಬೆರೆಸಿ ಗಂಡನ್ನ ಕೈವಶ ಮಾಡ್ಕೊಂಡಿದ್ದಾರೆ ಅಂತ. ಮದ್ದು ತೆಗೆಯೋರು ಬೇರೆ ಇದ್ದಾರೆ. ಆರೋಗ್ಯ ಕೇಂದ್ರದ ಗೋಡೆ ಮೇಲೆ 'ಮದ್ದುತಡೆ' ಬರೆಸಿ ನೋಡಿ, ಮಾರನೇ ದಿನವೇ ಅತ್ತೆಯರು ಸೊಸೆಯರು ಸಾಲಾಗಿ ನಿಲ್ತಾರೆ.

ಗವ್ರಿಬಿದನೂರಿನಿಂದ

ಮಂಗಳೂರಿನ ಕಡೆ ಮದ್ದು ಅಂದರೆ ಮದ್ದೇ.

ಮುಳಬಾಗಿಲಿನಿಂದ

ಗೋಡೆ ಇರೋದು ಚಿಂತಾಮಣಿಯಲ್ಲಿ.

ಶ್ರೀನಿವಾಸಪುರದಿಂದ

ಪದಕೋಶ ಮುಚ್ಚಿಟ್ಟು ಟೊಮೆಟೊ ತೋಟಕ್ಕೆ ಬನ್ನಿ. ಕಾಯಿಕೊರಕಕ್ಕೆ ಒಂದೇ ಔಷಧಿ ಮೂರು ಬೆಳೆ ಹೊಡೆದರೆ ನಾಲ್ಕನೇ ಬೆಳೆಗೆ ಹುಳ ಕ್ಯಾರೆ ಅನ್ನಲ್ಲ. ರೈತರು "ಹುಳಕ್ಕೆ ಒಗ್ಗಿಹೋಯ್ತು" ಅಂತಾರೆ. ಇಲ್ಲೂ ಅದೇ ತಾನೇ? 'ಔಷಧಿಗೆ ಒಗ್ಗಿದ ರೋಗಾಣು' ಅನ್ನಿ.

ಶಿಡ್ಲಘಟ್ಟದಿಂದ

ನಾನು ಪದ ಬಲ್ಲವನಲ್ಲ, ಓಪಿಡಿಯಲ್ಲಿ ಕೂರುವವನು. 'ಒಗ್ಗು' ಒಳ್ಳೆ ಮಾತು, ಆದರೆ ಇಲ್ಲಿ ಹಾದಿ ತಪ್ಪಿಸುತ್ತೆ. ಈಗಾಗಲೇ ದಿನಕ್ಕೆ ಹತ್ತು ಜನ, "ಡಾಕ್ಟ್ರೇ, ಆ ಮಾತ್ರೆ ನನ್ನ ಬಾಡಿಗೆ ಒಗ್ಗಿಬಿಟ್ಟಿದೆ, ಪವರ್ ಜಾಸ್ತಿದು ಬರ್ಕೊಡಿ" ಅಂತಾರೆ. ಒಗ್ಗಿರೋದು ಬಾಡಿಗಲ್ಲ, ಬ್ಯಾಕ್ಟೀರಿಯಾಕ್ಕೆ. ಆ ಬ್ಯಾಕ್ಟೀರಿಯಾ ಪಕ್ಕದ ಮನೆಯವರಿಗೆ ಅಂಟಿದರೆ, ಜನ್ಮದಲ್ಲಿ ಒಂದು ಮಾತ್ರೆ ನುಂಗದವರಿಗೂ ಔಷಧಿ ನಾಟಲ್ಲ. ಅಂದಹಾಗೆ 'ಪ್ರತಿಜೀವಕ' ಅಂತ ಕೇಳಿಕೊಂಡು ಬಂದ ರೋಗಿಯನ್ನ ನಾನಿನ್ನೂ ನೋಡಿಲ್ಲ. 'ಪವರ್ ಮಾತ್ರೆ' ಅಂತಾರೆ, ಓದಿದವರು ಆಂಟಿಬಯಾಟಿಕ್ ಅಂತಾರೆ.

ಕಳೆದ ವಾರ ನೆಗಡಿ ಅಂತ ಬಂದ ಒಬ್ಬರು ಜೇಬಿನಿಂದ ಸ್ಟ್ರಿಪ್ಪಿನ ತುಂಡು ತೆಗೆದು ಟೇಬಲ್ ಮೇಲಿಟ್ಟರು. ಯಾವುದೋ ಮೆಡಿಕಲ್ ಶಾಪಿನಲ್ಲಿ ಕತ್ತರಿಯಲ್ಲಿ ಕತ್ತರಿಸಿ ಕೊಟ್ಟ ಮೂರು ಮಾತ್ರೆ, ಎರಡು ಖಾಲಿ. ಹೆಸರು ಬರೆದ ಭಾಗ ಅಂಗಡಿಯಲ್ಲೇ ಉಳಿದಿತ್ತು. ಬೆನ್ನಮೇಲೆ ಕೆಂಪು ಗೆರೆಯ ಒಂದು ಚೂರು ಮಾತ್ರ ಇತ್ತು. ಕೆಂಪು ಗೆರೆ ಇದ್ದರೆ ಡಾಕ್ಟರ್ ಚೀಟಿ ಇಲ್ಲದೆ ತಗೋಬೇಡಿ ಅಂತ 2016ರಲ್ಲೇ ಕೇಂದ್ರ ಸರ್ಕಾರ ಪ್ರಚಾರ ಶುರು ಮಾಡಿತ್ತು. ಅವರಿಗೆ ತೋರಿಸಿದೆ. "ಡಿಸೈನ್ ಅಂದ್ಕೊಂಡಿದ್ದೆ ಸಾರ್" ಅಂದರು. ನೆಗಡಿ ಬರೋದು ವೈರಸ್ಸಿನಿಂದ, ಅದಕ್ಕೆ ಈ ಮಾತ್ರೆ ಎಷ್ಟು ನುಂಗಿದರೂ ದಂಡ. ಗೋಡೆ ಮೇಲೆ ಇದು ಬರಬೇಕು. ಪದ ನಿಮ್ಮಿಷ್ಟ.

ಶ್ರೀನಿವಾಸಪುರದಿಂದ

ಡಾಕ್ಟರ್ ಹೇಳಿದ್ದು ಒಪ್ಪಿದೆ, 'ಒಗ್ಗು' ವಾಪಸ್.

ಹಾಗಾದರೆ 'ಮೊಂಡು'? ಕುಡುಗೋಲು ಮೊಂಡಾಗುತ್ತೆ, ಹುಡುಗ ಮೊಂಡು ಬೀಳ್ತಾನೆ. ಕಂಡಕಂಡಿದ್ದಕ್ಕೆಲ್ಲ ಬೀಸಿದ ಕುಡುಗೋಲು ರಾಗಿ ಕೊಯ್ಲಿಗೆ ಕೈ ಕೊಡುತ್ತೆ. ಔಷಧಿ ಮೊಂಡು, ರೋಗವೂ ಮೊಂಡು, ಒಂದೇ ಪದ ಎರಡೂ ಕಡೆ ದುಡಿಯುತ್ತೆ. ನಮ್ಮ ತಾಲ್ಲೂಕಲ್ಲಿ ಅರ್ಧ ಮನೆಗಳಲ್ಲಿ ತೆಲುಗು, ಅಲ್ಲೂ 'ಮೊಂಡಿ ರೋಗಂ', 'ಮೊಂಡಿ ಬಾಕಿ' ಅಂತಾರೆ. ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ತುಮಕೂರಿನಿಂದ

ಮೊಂಡು ಎಂಬುದು ಸಂಸ್ಕೃತ 'ಮುಂಡ'ದ ತದ್ಭವ. ಮುಂಡನ, ಮುಂಡಿತ ನೋಡಿ. ತುದಿ ಬೋಳಾದದ್ದು ಮೊಂಡು. 'ಮೊಂಡುರೋಗ' ಎಂದರೆ ಅರಿಸಮಾಸ, ಕನ್ನಡ ಸಂಸ್ಕೃತಗಳ ಸಲ್ಲದ ಕೂಡಿಕೆ. ವ್ಯಾಕರಣಕಾರ ಕೇಶಿರಾಜ ಒಪ್ಪಿದ ಬೆರಳೆಣಿಕೆಯ ಅರಿಸಮಾಸಗಳಲ್ಲಿ ಇದಿಲ್ಲ.

ಗವ್ರಿಬಿದನೂರಿನಿಂದ

ತಿರುಗಾಮುರುಗಾ. 'ಮುಂಡ'ವೇ ದ್ರಾವಿಡದಿಂದ ಅಲ್ಲಿಗೆ ಹೋದದ್ದು. ನಮ್ಮ ಮನೆಯ ಪಾತ್ರೆ ನಮಗೇ ಸಾಲ ಕೊಟ್ಟು ಬಡ್ಡಿ ಕೇಳಬೇಡಿ.

ಮಾಲೂರಿನಿಂದ

ಅರಿಸಮಾಸವಂತೆ! 'ಹಾಲು ಉತ್ಪಾದಕರ ಸಹಕಾರ ಸಂಘ' ಅನ್ನೋ ಬೋರ್ಡು ನಮ್ಮ ಜಿಲ್ಲೆಯಲ್ಲಿ ಊರೂರಿಗೂ ಇದೆ. ಹಾಲು ಕನ್ನಡ, ಉತ್ಪಾದಕ ಸಂಸ್ಕೃತ. ಇಷ್ಟು ವರ್ಷದಲ್ಲಿ ಒಂದು ಕ್ಯಾನೂ ಒಡೆದಿಲ್ಲ.

ತುಮಕೂರಿನಿಂದ

ಗಡಿ ತಾಲ್ಲೂಕುಗಳಲ್ಲಿ ತೆಲುಗು ಬೆರೆತು ಕನ್ನಡ ಏನಾಗಿದೆ ಎಂದು ಬಲ್ಲೆ. ಅದನ್ನೇ ಪ್ರಮಾಣವೆಂದು ಸರ್ಕಾರಿ ಗೋಡೆಗೆ ಏರಿಸುವುದು ಸಲ್ಲದು.

ಮಾಲೂರಿನಿಂದ

ನಮ್ಮ ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. 1983ರ ಜ್ಞಾನಪೀಠ ಕನ್ನಡಕ್ಕೇ ಬಂತು. ಸಾಕಾ?

ಗುಬ್ಬಿಯಿಂದ

ಜಗಳದ ಮಧ್ಯೆ ಬಾಯಿ ಹಾಕಿದೆ, ಕ್ಷಮಿಸಿ. ನಾನು ಪಶು ಆಸ್ಪತ್ರೆಯವನು. ಕೆಚ್ಚಲುಬಾವಿಗೆ ನಾವು ಹಾಕೋದೂ ಇದೇ ಜಾತಿಯ ಔಷಧಿ. ಸೂಜಿ ಹಾಕಿಸಿದ ಹಸುವಿನ ಹಾಲನ್ನ ಹೇಳಿದಷ್ಟು ದಿನ ಡೇರಿಗೆ ಹಾಕಬೇಡಿ ಅಂದರೆ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ. ಕೋಳಿಗೆ ಕೊಡುತ್ತಿದ್ದ ಕೊಲಿಸ್ಟಿನ್ ಅನ್ನೋ ಆಂಟಿಬಯಾಟಿಕ್ಕನ್ನ 2019ರಲ್ಲಿ ಸರ್ಕಾರವೇ ನಿಷೇಧ ಮಾಡಿದ್ದು ಇದೇ ಕಾರಣಕ್ಕೆ, ಅದು ಮನುಷ್ಯರಿಗೆ ಕೊನೆಗೆ ಉಳಿದಿರೋ ಆಯುಧಗಳಲ್ಲಿ ಒಂದು. ಗೋಡೆ ಸಾಲಲ್ಲಿ 'ರೋಗಿ' ಅನ್ನೋ ಪದ ಬರದ ಹಾಗೆ ನೋಡ್ಕೊಂಡರೆ ನಮ್ಮ ಗೋಡೆಗೂ ಅದನ್ನೇ ಬರೆಸ್ತೀನಿ. 'ಮೊಂಡು' ನನಗೆ ಓಕೆ.

ಚಿಂತಾಮಣಿಯಿಂದ

ಹನ್ನೊಂದು ಗಂಟೆ ಆಯ್ತು. ಎಲ್ಲರದ್ದೂ ಓದಿ ಹೀಗೆ ಬರೆದಿದ್ದೀನಿ:

"ಅರ್ಧಕ್ಕೆ ನಿಲ್ಲಿಸಿದರೆ ಆಂಟಿಬಯಾಟಿಕ್ ಮೊಂಡು."

ಡಾಕ್ಟರ್ ಸಾರ್, ಸರಿ ಇದೆಯಾ?

ಶಿಡ್ಲಘಟ್ಟದಿಂದ

ಅರ್ಧ ಸರಿ ಮೇಡಂ. ಟಿಬಿಗೆ ಆ ಮಾತು ನೂರಕ್ಕೆ ನೂರು. ಆರು ತಿಂಗಳ ಮಾತ್ರೆಯನ್ನ ಕೆಮ್ಮು ನಿಂತಿತು ಅಂತ ಎರಡಕ್ಕೇ ಬಿಟ್ಟವರಲ್ಲಿ ಕೆಲವರು ಮೊಂಡು ಟಿಬಿ ಹೊತ್ತು ಬರ್ತಾರೆ. ಆದರೆ ನಮ್ಮೂರಲ್ಲಿ ದೊಡ್ಡ ಕಾಯಿಲೆ ಅರ್ಧಕ್ಕೆ ಬಿಡೋದಲ್ಲ, ಬೇಡದೇ ಇದ್ದಾಗ ಶುರು ಮಾಡೋದು. ನಿಮ್ಮ ಸಾಲು ಓದಿದವರು ನೆಗಡಿಗೆ ಐದೂ ದಿನ ನಿಷ್ಠೆಯಿಂದ ನುಂಗಿಬಿಡ್ತಾರೆ.

ಚಿಂತಾಮಣಿಯಿಂದ

ಸರಿ. ಕೊನೇದು:

"ಬೇಡದಾಗ ನುಂಗಿದರೆ ಬೇಕಾದಾಗ ಔಷಧಿ ಮೊಂಡು. ಡಾಕ್ಟರ್ ಬರೆಯದೆ ಆಂಟಿಬಯಾಟಿಕ್ ಬೇಡ."

ಅತ್ತೆ ಮಲಗಿದ್ದರು, ಎಬ್ಬಿಸಿ ಓದಿ ಹೇಳಿದೆ. "ನಮ್ಮ ಈಳಿಗೆಮಣೆ ಥರ" ಅಂದು ಮಗ್ಗುಲಾದರು. ಅಷ್ಟು ಸಾಕು ನನಗೆ. ಗುಬ್ಬಿಯ ಸಾರ್, 'ನುಂಗಿದರೆ' ಬದಲು 'ಕೊಟ್ಟರೆ' ಅಂತ ಮಾಡ್ಕೊಳ್ಳಿ, ಹಸುವಿಗೂ ಹೊಂದುತ್ತೆ.

ಗವ್ರಿಬಿದನೂರಿನಿಂದ

'ಆಂಟಿಬಯಾಟಿಕ್' ಹಾಗೇ ಉಳಿಸಿದ್ದು ಸೋಲು. 'ಡಾಕ್ಟರ್' ಇನ್ನೊಂದು ಸೋಲು.

ಚಿಂತಾಮಣಿಯಿಂದ

ಸೋತೆ ಸಾರ್. ಪೇಂಟರ್ ಬಂದು ಹೋಗಿಯೂ ಆಯ್ತು. 'ಮೊಂಡು' ಬರೆಯುವಾಗ ಮಾತ್ರ ಏಣಿ ಮೇಲಿಂದ ತಿರುಗಿ, "ಇದೇನಾ ಮೇಡಂ, ನಮ್ ಭಾಷೇಲೇ ಇದೆ?" ಅಂತ ಕೇಳಿದರು.

ತುಮಕೂರಿನಿಂದ

'ಔಷಧಿ' ಅಲ್ಲ, 'ಔಷಧ'. ಓಷಧಿ ಎಂದರೆ ಗಿಡಮೂಲಿಕೆ, ಅದರಿಂದಾದದ್ದು ಔಷಧ. ಬಣ್ಣ ಹಸಿ ಇದ್ದರೆ ಈಗಲೇ 'ಧಿ'ಯ ಗುಡಿಸು ಅಳಿಸಿಸು.

ಚಿಂತಾಮಣಿಯಿಂದ

ಒಣಗಿದೆ ಮೇಷ್ಟ್ರೇ.