ರೊಟ್ಟಿ ತಿಂದ ಮೇಲೆ 168 ಬಂತು, ಶುಗರ್ ಇಲ್ಲದವರೂ ಹೆದರಬೇಕಾ?

ಹಾಸನದ ಹುಡುಗ
ನನಗೆ 34. ಶುಗರ್ ಇಲ್ಲ, ಅಪ್ಪನಿಗೆ ಇದೆ. ಹೋದ ತಿಂಗಳು ಲ್ಯಾಬ್‌ನಲ್ಲಿ ಖಾಲಿ ಹೊಟ್ಟೆಗೆ 96, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತ ಪರೀಕ್ಷೆ) 5.5 ಬಂದಿತ್ತು. ನಿನ್ನೆ ಸುಮ್ನೆ ಅಪ್ಪನ ಮೀಟರ್ ತಗೊಂಡು ಬೆರಳು ಚುಚ್ಚಿಕೊಂಡೆ, ಮೂರು ಅಕ್ಕಿ ರೊಟ್ಟಿ ತಿಂದು ಎರಡು ಗಂಟೆ ಆಗಿತ್ತು, ನೋಡಿದ್ರೆ 168! ರಾತ್ರಿಯೆಲ್ಲ ನಿದ್ದೆ ಇಲ್ಲ. ಅನ್ನ ಬಿಟ್ಟು ಬರೀ ಮುದ್ದೆ ತಿನ್ನಲಾ? ಕಾಫಿಗೆ ಸಕ್ಕರೆ ಬದಲು ಬೆಲ್ಲ ಹಾಕಿದ್ರೆ ಸಾಕಾ?

ತೋಟದಮನೆ, ಚಿಕ್ಕಮಗಳೂರು
ಬೆಲ್ಲನೂ ಸಕ್ಕರೆನೇ ಮಾರಾಯ, ಬಣ್ಣ ಬೇರೆ ಅಷ್ಟೆ. ನಾನು ದಿನಕ್ಕೆ ಐದು ಲೋಟ ಕಾಫಿ ಕುಡಿಯೋನು, ಲೋಟಕ್ಕೆ ಎರಡು ಚಮಚ. ಲೆಕ್ಕ ಹಾಕಿ ನನಗೇ ಗಾಬರಿ ಆಯ್ತು. ವಾರಕ್ಕೆ ಅರ್ಧ ಚಮಚದ ಹಾಗೆ ಇಳಿಸಿದೆ. ಈಗ ನೆಂಟರ ಮನೆ ಕಾಫಿ ಪಾಯಸದ ಹಾಗಿರುತ್ತೆ.

ಲ್ಯಾಬ್ ಅಕ್ಕ
ಚುಚ್ಚೋ ಮುಂಚೆ ಕೈ ತೊಳೆದಿದ್ರಾ? ಹಣ್ಣಿನ ರಸ ಬೆರಳಲ್ಲಿ ಇದ್ರೆ ಮೀಟರ್ ಅದನ್ನೂ ಸೇರಿಸಿ ತೋರಿಸುತ್ತೆ. ಕೈ ಶುದ್ಧ ಇದ್ರೂ ಮನೆ ಮೀಟರ್ ಲ್ಯಾಬ್‌ಗಿಂತ ಸ್ವಲ್ಪ ಹೆಚ್ಚುಕಮ್ಮಿ ತೋರಿಸೋದು ಮಾಮೂಲು. ಖಾಲಿ ಹೊಟ್ಟೆಗೆ 100ರ ಒಳಗೆ, ಊಟ ಆಗಿ ಎರಡು ಗಂಟೆಗೆ 140ರ ಒಳಗೆ, ಎಚ್‌ಬಿಎ1ಸಿ 5.7ರ ಒಳಗೆ ಇದ್ರೆ ಸರಿ. ನಿಮ್ಮ ಲ್ಯಾಬ್ ರಿಪೋರ್ಟ್ ಚೆನ್ನಾಗೇ ಇದೆ. ಮತ್ತೆ ಮತ್ತೆ 140 ದಾಟಿದ್ರೆ ಮಾತ್ರ ಡಾಕ್ಟರ್ ಹತ್ರ ಹೋಗಿ. ಅಪ್ಪನಿಗೆ ಇರೋದ್ರಿಂದ ವರ್ಷಕ್ಕೊಮ್ಮೆ ಪರೀಕ್ಷೆ ಬಿಡಬೇಡಿ.

ಹಾಸನದ ಹುಡುಗ
ಅಯ್ಯೋ, ಕಿತ್ತಳೆ ಸುಲಿದು ಪಂಚೆಗೆ ಕೈ ಒರೆಸಿಕೊಂಡಿದ್ದೆ ಅಕ್ಕ! ಇವತ್ತು ಸೋಪು ಹಾಕಿ ತೊಳೆದು, ಒರೆಸಿ, ಅದೇ ಮೂರು ರೊಟ್ಟಿ ತಿಂದು ನೋಡಿದೆ. 121.

ಮುದ್ದೆ ಪ್ರಿಯ
ಅಂತೂ ಬಚಾವ್. ಆದ್ರೆ ಮುದ್ದೆ ಅಂದ್ರೆ ಔಷಧಿ ಅಂದ್ಕೋಬೇಡಿ, ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆ ನುಂಗಿದ್ರೆ ಅದೂ ಏರಿಸುತ್ತೆ. ನಮ್ಮ ಮನೇಲಿ ಈಗ ಮೊದಲು ಸೊಪ್ಪಿನ ಪಲ್ಯ, ಹುರುಳಿಕಾಳು, ಆಮೇಲೆ ಒಂದೇ ಮುದ್ದೆ. ಆಲೂಗಡ್ಡೆ ಪಲ್ಯನ ತರಕಾರಿ ಲೆಕ್ಕಕ್ಕೆ ಹಿಡಿಯಬೇಡಿ, ಹಾಸನದವರಿಗೆ ಇದು ಕಷ್ಟ ಅಂತ ಗೊತ್ತು. ಊಟ ಆದ ತಕ್ಷಣ ಮಲಗದೆ ಹತ್ತು ಹದಿನೈದು ನಿಮಿಷ ನಡೀರಿ, ಕಾಲಿನ ಸ್ನಾಯು ರಕ್ತದಲ್ಲಿರೋ ಸಕ್ಕರೆನ ಎಳ್ಕೊಳ್ಳುತ್ತೆ. ನಾನು ಮಹಾರಾಜ ಪಾರ್ಕ್ ಕಡೆ ಒಂದು ಸುತ್ತು ಹಾಕ್ತೀನಿ. ರಾತ್ರಿ ನಿದ್ದೆಗೆಡೋದೂ ಸಕ್ಕರೆ ಏರಿಸುತ್ತೆ, ಆ 168 ನೆನೆಸ್ಕೊಂಡು ಎದ್ದಿರಬೇಡಿ.

ಹಾಸನದ ಹುಡುಗ
ನಡಿಗೆ ಇವತ್ತಿಂದಲೇ. ರೊಟ್ಟಿ ಎರಡೇ ಸಾಕು ಅಂದಿದ್ದಕ್ಕೆ ಅಮ್ಮ ಹಣೆ ಮುಟ್ಟಿ ಜ್ವರ ಇದೆಯಾ ಅಂತ ನೋಡಿದ್ರು.