‘ವೆಲ್‌ಕಮ್ ಟು ಕಂಟ್ರಿ’ಗೆ ಕನ್ನಡದಲ್ಲಿ ಏನನ್ನಬೇಕು?

ಪ್ರಶ್ನೆ: ಮೆಲ್ಬರ್ನ್‌ನಲ್ಲಿ ಅಂಗವಿಕಲ ಕಲಾವಿದರು ನಡೆಸುವ ಕಲಾಮೇಳದ ಉದ್ಘಾಟನೆಗೆ ಕನ್ನಡ ನಿರೂಪಣೆ ಬರೆಯಬೇಕಿದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳು ತಮ್ಮ ನೆಲಕ್ಕೆ ಬಂದವರನ್ನು ಬರಮಾಡಿಕೊಳ್ಳುವ ‘ವೆಲ್‌ಕಮ್ ಟು ಕಂಟ್ರಿ’ಯನ್ನು ‘ದೇಶಕ್ಕೆ ಸ್ವಾಗತ’ ಎನ್ನಬಹುದೇ? ಆ ನೆಲದವರಿಗೆ ಗೌರವ ಸಲ್ಲಿಸುವ ‘ಅಕ್ನಾಲೆಡ್ಜ್‌ಮೆಂಟ್’ ಕೂಡ ಸ್ವಾಗತವೇ? ಅಂಗವಿಕಲರಿಗೆ ಮಾಡುವ ಅನುಕೂಲಗಳ ‘ಆಕ್ಸೆಸ್’ಗೆ ಯಾವ ಪದ?

ಉತ್ತರ: ‘ದೇಶ’ ಬೇಡ, ಅದು ವಿಮಾನ ನಿಲ್ದಾಣದ ಫಲಕದಂತೆ ಕೇಳಿಸುತ್ತದೆ. ಇಲ್ಲಿ ಕಂಟ್ರಿ ಎಂದರೆ ಆಸ್ಟ್ರೇಲಿಯಾ ರಾಷ್ಟ್ರವಲ್ಲ. ಒಂದು ಸಮುದಾಯದ ನೆಲ, ನೀರು, ಆಕಾಶ, ಪೂರ್ವಿಕರು, ಕಟ್ಟಳೆ ಎಲ್ಲ ಸೇರಿದ್ದು. ತುಳುನಾಡು, ಮಲೆನಾಡು ಎಂದಾಗ ನಮಗೂ ಗಡಿಗಿಂತ ನೆಲ-ಜನರ ನಂಟೇ ಮೊದಲು ಹೊಳೆಯುವುದರಿಂದ ‘ನಾಡು’ ಒಪ್ಪುತ್ತದೆ. ಜನರ ಹೆಸರು ಸೇರಿಸಿಯೇ ಹೇಳಿ: ‘ವುರುಂಡ್ಜೆರಿ ನಾಡಿಗೆ ಸ್ವಾಗತ’. ಇಬ್ಬರೂ ಮೆಲ್ಬರ್ನ್ ನೆಲದ ಮೂಲನಿವಾಸಿಗಳು; ಮೇಳದ ಜಾಗ ವುರುಂಡ್ಜೆರಿಯವರದೋ ಬುನುರಾಂಗ್ ಜನರದೋ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಆ ಗಡಿ ನಗರದೊಳಗೇ ಹಾದುಹೋಗುತ್ತದೆ.

ವೆಲ್‌ಕಮ್, ಅಕ್ನಾಲೆಡ್ಜ್‌ಮೆಂಟ್ ಎರಡನ್ನೂ ಸ್ವಾಗತ ಎನ್ನುವುದು ದೊಡ್ಡ ತಪ್ಪು. ಸ್ವಾಗತಿಸುವ ಹಕ್ಕು ಆ ನಾಡಿನ ಹಿರಿಯರಿಗೆ, ಅವರು ಒಪ್ಪಿಗೆ ಕೊಟ್ಟ ಆ ನಾಡಿನವರಿಗೆ ಮಾತ್ರ. ಬೇರೆ ನಾಡಿನ ಅಬೊರಿಜಿನಲ್ (ಮೂಲನಿವಾಸಿ) ಕಲಾವಿದರೂ ಅಲ್ಲಿ ಸ್ವಾಗತ ಕೋರುವಂತಿಲ್ಲ. ಇಂದಿನ ರೂಪದ ಸ್ವಾಗತ ಬಂದದ್ದೂ ಕಲಾವೇದಿಕೆಯಿಂದಲೇ: 1976ರಲ್ಲಿ ಪರ್ತ್‌ಗೆ ಬಂದ ಮಾವೊರಿ ಮತ್ತು ಕುಕ್ ದ್ವೀಪಗಳ ನೃತ್ಯಗಾರರು ನೆಲದವರ ಸ್ವಾಗತವಿಲ್ಲದೆ ಕುಣಿಯಲು ಹಿಂಜರಿದಾಗ ಅಬೊರಿಜಿನಲ್ ಕಲಾವಿದರಾದ ರಿಚರ್ಡ್ ವಾಲಿ, ಅರ್ನಿ ಡಿಂಗೊ ಅದನ್ನು ನಡೆಸಿಕೊಟ್ಟರು. ಅಕ್ನಾಲೆಡ್ಜ್‌ಮೆಂಟನ್ನು ಯಾರು ಬೇಕಾದರೂ ಮಾಡಬಹುದು. ಅದಕ್ಕೆ ‘ನಾಡಿನವರಿಗೆ ವಂದನೆ’ ಸಾಕು. ‘ಸ್ಮರಣೆ’ ಎಂದರೆ ತೀರಿಹೋದವರನ್ನಷ್ಟೇ ನೆನೆದಂತಾಗುತ್ತದೆ, ಇದು ಇಂದು ಬದುಕಿರುವವರಿಗೂ ಸಲ್ಲುವ ಮಾತು. ಅಲ್ಲಿ ಬರುವ ‘ಟ್ರೆಡಿಷನಲ್ ಓನರ್ಸ್’ಗೆ ‘ಮೂಲ ಒಡೆಯರು’ ಎಂದರೆ ಅದು ಹಳೆ ಮೈಸೂರಿನ ಕಿವಿಗೆ ಅರಸರನ್ನು ನೆನಪಿಸುತ್ತದೆ, ‘ಪಾಲಕರು’ ಎಂದರೆ ಹಕ್ಕಿನ ಮಾತು ಸೊರಗುತ್ತದೆ. ‘ನೆಲದ ಮೂಲ ಹಕ್ಕುದಾರರು’ ಎನ್ನಿ. ಹಿರಿಯರ ಹೆಸರಿನ ಮುಂದಿನ ‘ಆಂಟಿ’, ‘ಅಂಕಲ್’ ಅಲ್ಲಿ ಸಮುದಾಯ ಕೊಟ್ಟ ಗೌರವ, ನಮ್ಮಲ್ಲಿ ಬರೀ ಸಲುಗೆ. ಅದನ್ನು ಬಿಡದೆ, ಮೊದಲು ‘ಹಿರಿಯರಾದ’ ಎಂದು ಸೇರಿಸಿ.

‘ಆಕ್ಸೆಸ್’ಗೆ ‘ಪ್ರವೇಶ’ ಎಂದರೆ ಜನ ಟಿಕೆಟ್ ಎಂದುಕೊಳ್ಳುತ್ತಾರೆ. ಬರಹಕ್ಕೆ ‘ಸುಗಮ್ಯತೆ’ ಆದೀತು. ವೇದಿಕೆಯಲ್ಲಿ ಇರುವುದನ್ನೇ ಹೇಳಿ: ಇಳಿಜಾರು ಯಾವ ಬಾಗಿಲಲ್ಲಿ, ಸನ್ನೆ ಭಾಷೆಯವರು ಯಾವ ಬದಿಗೆ, ಗದ್ದಲ ತಾಳದವರಿಗೆ ಶಾಂತ ಕೊಠಡಿ ಎಲ್ಲಿ. ಇದನ್ನು ಸ್ವಾಗತ ಮುಗಿದ ಮೇಲೆ ಹೇಳಿದರೆ ಕಿವುಡ ಪ್ರೇಕ್ಷಕರು ಎತ್ತ ನೋಡಬೇಕೆಂದು ತಿಳಿಯದೆ ಸ್ವಾಗತವನ್ನೇ ಕಳೆದುಕೊಳ್ಳುತ್ತಾರೆ. ಬಾಗಿಲು ತೆರೆದಾಗಿನಿಂದಲೇ ಈ ವಿವರವನ್ನು ಪರದೆಯ ಮೇಲೆ ಹಾಕಿ, ಹಿರಿಯರು ಬಾಯಿ ತೆರೆಯುವ ಮೊದಲೇ ಆಸ್ಲಾನ್ (ಆಸ್ಟ್ರೇಲಿಯಾದ ಸನ್ನೆ ಭಾಷೆ) ಅನುವಾದಕರ ಮೇಲೆ ಬೆಳಕಿರಲಿ. ಕರ್ನಾಟಕ ಸರ್ಕಾರದ ಪದ ‘ವಿಕಲಚೇತನ’, ಆದರೆ ಅದು ಚೇತನವೇ ವಿಕಲ ಎಂದಂತೆ. ಕಲಾವಿದರು ತಮ್ಮನ್ನು ಕರೆದುಕೊಳ್ಳುವ ಹಾಗೆ ‘ಅಂಗವಿಕಲ’ ಎಂದೇ ಬರೆಯಿರಿ.

ಸ್ವಾಗತದ ಜೊತೆ ನಡೆಯುವುದುಂಟಾದ, ಹಸಿ ಎಲೆ ಸುಡುವ ‘ಸ್ಮೋಕಿಂಗ್ ಸೆರಮನಿ’ಗೆ ‘ಧೂಪ’ ಎಂದರೆ ಪೂಜೆಯಾಗುತ್ತದೆ, ‘ಸಂಸ್ಕಾರ’ ಎಂದರೆ ಅಂತ್ಯಕ್ರಿಯೆ ನೆನಪಾಗುತ್ತದೆ. ‘ಎಲೆಹೊಗೆಯ ಆಚರಣೆ’ ಎನ್ನಿ. ಅದು ಹೊರಗೇ ನಡೆಯಬೇಕು. ಒಳಗಾದರೆ ಹೊಗೆಯ ಅಲಾರಂ ಹೊಡೆದುಕೊಳ್ಳುತ್ತದೆ. ಗಾಳಿ ಬಾಗಿಲ ಕಡೆ ಬೀಸದ ಜಾಗ ನೋಡಿ, ಉಬ್ಬಸದವರಿಗೆ ಬೇರೆ ದಾರಿ ಇದೆಯೆಂದು ಆಹ್ವಾನದಲ್ಲೇ ತಿಳಿಸಿ. ಹಿರಿಯರು ಬರೆದುಕೊಂಡು ಮಾತಾಡುವುದು ಕಡಿಮೆ. ಅವರಿಂದ ಪೂರ್ಣ ಪಠ್ಯ ಕೇಳದೆ, ‘ವೊಮಿಂಜೆಕಾ’ (ಸ್ವಾಗತ) ದಂಥ, ವುರುಂಡ್ಜೆರಿ ಜನರ ವೊಯ್‌ವುರುಂಗ್ ಭಾಷೆಯ ಪದಗಳ ಕಾಗುಣಿತ ಮಾತ್ರ ಪಡೆದು, ಮಾತನ್ನು ಪರದೆಯ ಮೇಲೆ ಬೆರಳಚ್ಚಿಸುವವರಿಗೂ ಅನುವಾದಕರಿಗೂ ಹಿಂದಿನ ದಿನವೇ ಕೊಡಿ.